ಕ್ಯಾಪ್ಟನ್ ಚೀಟಿ

ಪ್ರತಿ ತಿಂಗಳ ಮೊದಲ ವಾರ ನಮ್ಮದೊಂದು ವಾಟ್ಸಾಪ್ ಗ್ರೂಪಿಗೆ ಇದ್ದಕ್ಕಿದ್ದಂತೆ ಶಿಸ್ತು ಬರುತ್ತೆ. ಗುಡ್ ಮಾರ್ನಿಂಗ್ ಹೂವುಗಳಿಲ್ಲ, ಎಲೆಕ್ಷನ್ ಜಗಳ ಇಲ್ಲ. ಒಬ್ಬೊಬ್ಬರೇ ಬಂದು "200 ಹಾಕ್ದೆ" ಅಂತ ಬರೆದು ಹೋಗ್ತಾರೆ. ಗ್ರೂಪಿನ ಹೆಸರು 'ಕ್ಯಾಪ್ಟನ್ ಚೀಟಿ'. ಚೀಟಿ ಅಂದ್ಮೇಲೆ ಒಂದಲ್ಲ ಒಂದು ತಿಂಗಳು ಎಲ್ಲರಿಗೂ ದುಡ್ಡು ವಾಪಸ್ ಬರಬೇಕು ತಾನೇ? ಈ ಚೀಟಿಯಲ್ಲಿ ಯಾರಿಗೂ ಬರಲ್ಲ. ಪ್ರತಿ ತಿಂಗಳೂ ಅದು ಒಬ್ಬನಿಗೇ ಹೋಗುತ್ತೆ.

ಅವನ ಹೆಸರು ಬರೆಯೋ ಹಾಗಿಲ್ಲ, ಅವನದೇ ಆರ್ಡರ್. ಹಾಸನದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲ್ ಕ್ರಿಕೆಟ್ ಟೀಮಿಗೆ ಅವನೇ ಕ್ಯಾಪ್ಟನ್. ಟಾಸ್ ಸೋತು ಬಂದರೂ ಗೆದ್ದವನ ಹಾಗೆ ಕಾಲರ್ ಎತ್ಕೊಂಡು ನಡೆದು ಬರ್ತಿದ್ದ. ಈಗಲೂ ನಮಗೆಲ್ಲ ಅವನು ಕ್ಯಾಪ್ಟನ್ನೇ.

ಓದು ಮುಗಿದ ಆರನೇ ವರ್ಷ, ಯುಗಾದಿ ಹಿಂದಿನ ರಾತ್ರಿ, ಬೈಕಲ್ಲಿ ಊರಿಗೆ ಹೊರಟಿದ್ದ. ಮನೆಗೆ ಇನ್ನು ಹತ್ತು ಕಿಲೋಮೀಟರ್ ಇರುವಾಗ ನಾಯಿ ಅಡ್ಡ ಬಂತು. ಹೆಲ್ಮೆಟ್ ಇತ್ತು, ತಲೆ ಉಳೀತು. ಕುತ್ತಿಗೆ ಮುರೀತು. ಬೆನ್ನುಹುರಿಗೆ ಪೆಟ್ಟು ಬಿದ್ದ ಜಾಗ ಎಷ್ಟು ಮೇಲಿದ್ರೆ ಅಷ್ಟು ಹೆಚ್ಚು ನಷ್ಟ ಅಂತ ಡಾಕ್ಟರು ಹಾಳೆ ಮೇಲೆ ಚಿತ್ರ ಬರೆದು ವಿವರಿಸಿದ್ರು. ಭುಜ ಆಡುತ್ತೆ, ಮೊಣಕೈ ಮಡಚುತ್ತೆ, ಮಣಿಕಟ್ಟು ಸ್ವಲ್ಪ ಮೇಲೇಳುತ್ತೆ. ಬೆರಳು ಆಡಲ್ಲ. ಎದೆಯಿಂದ ಕೆಳಗೆ ಏನೂ ಗೊತ್ತಾಗಲ್ಲ.

ಆಗ ನಾವು ಮಾಡಿದ ಕೆಲಸದ ಬಗ್ಗೆ ನನಗೆ ತುಂಬಾ ದಿನ ಹೆಮ್ಮೆ ಇತ್ತು. ಐಸಿಯು ಹೊರಗಿನ ಕುರ್ಚಿ ಮೇಲೆ ಕೂತು ಫೋನಲ್ಲೇ ಒಂದು ಮನವಿ ಬರೆದೆ. "ನಮ್ಮ ಗೆಳೆಯ ಸಾವು ಬದುಕಿನ ನಡುವೆ ಹೋರಾಡುತ್ತಿದ್ದಾನೆ" ಅಂತ ಶುರು. ಜೊತೆಗೆ ಮೂಗಿಗೆ, ಬಾಯಿಗೆ ಪೈಪ್ ಹಾಕಿಸ್ಕೊಂಡು ಮಲಗಿದ ಅವನ ಫೋಟೋ. ದುಡ್ಡು ಕೂಡಿಸುವ ವೆಬ್‌ಸೈಟಿಗೆ ಹಾಕಿ ಎಲ್ಲ ಕಡೆ ಶೇರ್ ಮಾಡಿದ್ವಿ. ಆರು ದಿನದಲ್ಲಿ 7 ಲಕ್ಷ. ಮುಖ ನೋಡದವರೆಲ್ಲ ಕೊಟ್ಟಿದ್ರು. ಆಪರೇಷನ್ ಆಯ್ತು, ಪ್ರಾಣ ಉಳೀತು. "ಥ್ಯಾಂಕ್ಯೂ ಆಲ್" ಅಂತ ಬರೆದು ಮನವಿ ಕ್ಲೋಸ್ ಮಾಡಿದೆ. ಕಥೆ ಸುಖಾಂತ್ಯ ಅಂದ್ಕೊಂಡೆ.

ನಿಜ ಹೇಳ್ಬೇಕಂದ್ರೆ ಕಥೆ ಶುರುವಾಗಿದ್ದೇ ಅಲ್ಲಿಂದ.

ಡಿಸ್ಚಾರ್ಜ್ ಆಗಿ ಊರಿಗೆ ಬಂದವನಿಗೆ ಏನೇನು ಬೇಕು ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋಕೆ ಒಬ್ಬರು ಬೇಕು. ಮೂತ್ರಕ್ಕೆ ಕ್ಯಾತಿಟರ್, ಅದನ್ನ ಮೂರ್ನಾಲ್ಕು ವಾರಕ್ಕೊಮ್ಮೆ ಬದಲಿಸ್ಬೇಕು. ಯೂರೋಬ್ಯಾಗ್, ಗ್ಲೌಸ್, ಡೈಪರ್, ಗಾಳಿ ಹಾಸಿಗೆ. ಕರೆಂಟ್ ಹೋದ್ರೆ ಆ ಹಾಸಿಗೆಯ ಮೋಟರಿಗೆ ಯುಪಿಎಸ್. ಇದ್ಯಾವುದಕ್ಕೂ ಇನ್ಶೂರೆನ್ಸ್ ದುಡ್ಡು ಬರ್ಲಿಲ್ಲ. ಅದೇನಿದ್ರೂ ಆಸ್ಪತ್ರೆಗೆ ಅಡ್ಮಿಟ್ ಆದ್ರೆ ಮಾತ್ರ. ಅದೂ ಕಂಪನಿ ಕೊಟ್ಟ ಪಾಲಿಸಿ, ಕೆಲಸದ ಜೊತೆಗೇ ಹೋಯ್ತು. ನೌಕರಿಯಲ್ಲಿದ್ದಾಗ ಅಂಗವೈಕಲ್ಯ ಬಂದ್ರೆ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿದೆ. ಓದಿ ಖುಷಿಯಾಗಿದ್ದೆ. ಆಮೇಲೆ ನೋಡಿದ್ರೆ ಆ ಮಾತು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಇವನದು ಪ್ರೈವೇಟು. ಮೂರು ತಿಂಗಳ ಸಂಬಳ ಕೊಟ್ಟು ಕೈ ತೊಳ್ಕೊಂಡ್ರು.

ಊರಿನ ಹುಡುಗನೊಬ್ಬನನ್ನ ಹೋಮ್ ನರ್ಸ್ ಅಂತ ಇಟ್ಕೊಂಡ್ರು, ತಿಂಗಳಿಗೆ 16,000. ಕೆಲವು ತಿಂಗಳು ನಡೀತು. ಆಪರೇಷನ್ನಿಗೆ ಬಂದಿದ್ದ ದುಡ್ಡಲ್ಲಿ ಉಳಿದಿದ್ದೂ ಕರಗಿತು. ನಾನು ಎರಡನೇ ಮನವಿ ಬರೆದೆ. "ಹೋಮ್ ನರ್ಸ್ ಸಂಬಳಕ್ಕೆ, ಕ್ಯಾತಿಟರಿಗೆ, ಡೈಪರಿಗೆ ಸಹಾಯ ಮಾಡಿ." ಇಪ್ಪತ್ತು ದಿನಕ್ಕೆ 11,500 ರೂಪಾಯಿ ಬಂತು. ಅದರಲ್ಲಿ 5,000 ನಂದೇ.

ಜನ ಕೆಟ್ಟವರು ಅಂತಲ್ಲ. ಸಾಯೋನನ್ನ ಉಳಿಸಿ ಅಂದ್ರೆ ಕೈ ತಾನಾಗೇ ಜೇಬಿಗೆ ಹೋಗುತ್ತೆ. ಡೈಪರ್ ಕೊಡ್ಸಿ ಅಂದ್ರೆ ಹೋಗಲ್ಲ. ಆಪರೇಷನ್ನಿಗೆ ಒಂದು ಕೊನೆ ಇದೆ, ಕೊಟ್ಟವರಿಗೆ ಒಂದು ಸಮಾಧಾನ ಇದೆ. ಡೈಪರಿಗೆ ಕೊನೆ ಎಲ್ಲಿದೆ?

ಹುಡುಗನನ್ನ ಬಿಡಿಸಿದ್ರು. ಎಲ್ಲ ಕೆಲಸ ಅಮ್ಮನ ಮೇಲೆ ಬಿತ್ತು. ಐವತ್ತೆಂಟು ವರ್ಷದ ಹೆಂಗಸು ಎಪ್ಪತ್ತು ಕೆಜಿ ಮಗನನ್ನ ರಾತ್ರಿ ಎರಡೆರಡು ಗಂಟೆಗೆ ಎದ್ದು ಹೊರಳಿಸ್ಬೇಕು. ಒಂದು ತಿಂಗಳು ಮಾಡಿದ್ರು. ಆಮೇಲೆ ಸೊಂಟ ಹಿಡ್ಕೊಳ್ತು. ಎರಡು ಗಂಟೆ ನಾಲ್ಕಾಯ್ತು, ನಾಲ್ಕು ಆರಾಯ್ತು. ಸೊಂಟದ ಕೆಳಗೆ ರೂಪಾಯಿ ನಾಣ್ಯದಷ್ಟು ಕೆಂಪು ಕಲೆ ಕಾಣಿಸ್ತು. ಅವನಿಗೆ ನೋವು ಗೊತ್ತಾಗಲ್ಲವಲ್ಲ, ಅವನು ಹೇಳಲಿಲ್ಲ. ಐದು ವಾರಕ್ಕೆ ಅದು ಮುಷ್ಟಿ ಹಿಡಿಸುವಷ್ಟು ಗುಂಡಿ. ಮೂಳೆ ಕಾಣೋದು.

ಮತ್ತೆ ಆಸ್ಪತ್ರೆ, ಬೇರೆ ಕಡೆಯ ಚರ್ಮ ಮಾಂಸ ತಂದು ಗುಂಡಿ ಮುಚ್ಚುವ ಆಪರೇಷನ್, ಆರು ವಾರ ಹೊಟ್ಟೆ ಮೇಲೆ ಮಲಗೋ ಶಿಕ್ಷೆ. ಖರ್ಚು 2 ಲಕ್ಷ 80 ಸಾವಿರ. ಮತ್ತೆ ಮನವಿ, ಮತ್ತೆ ಪೈಪ್ ಫೋಟೋ. ನೋಡಿ, ನಾಲ್ಕೇ ದಿನಕ್ಕೆ ದುಡ್ಡು ಬಂತು! ಆ ದುಡ್ಡಲ್ಲಿ ಹೋಮ್ ನರ್ಸನ್ನ ಹದಿನೇಳು ತಿಂಗಳು ಇಟ್ಕೋಬಹುದಿತ್ತು. ಆ ಲೆಕ್ಕ ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ಆಸ್ಪತ್ರೆಯಿಂದ ಬಂದ್ಮೇಲೆ ಹಳೇ ಹುಡುಗ ವಾಪಸ್ ಬಂದ. ಅವನ ಅಕ್ಕನ ಮದುವೆಗೆ ಎರಡು ದಿನ ರಜೆ ಕೇಳಿದಾಗ ನಾನು ಹೋದೆ. ಹನ್ನೊಂದು, ಒಂದು, ಮೂರು, ಐದು ಅಂತ ಅಲಾರಂ ಇಟ್ಟೆ. ಮೂರಕ್ಕೆ ಎದ್ದು ಹೊರಳಿಸಿ, ದಿಂಬು ಕೊಟ್ಟು, ಮಲಗಿದೆ. ಸ್ವಲ್ಪ ಹೊತ್ತಿಗೆ ಕ್ಯಾಪ್ಟನ್ ಕರೆದ. "ಮಗಾ, ತಲೆ ಸಿಡೀತಿದೆ ಕಣೋ." ಲೈಟ್ ಹಾಕಿದ್ರೆ ಮುಖ ಕೆಂಪು, ಹಣೆ ತುಂಬ ಬೆವರು. ಆಂಬುಲೆನ್ಸಿಗೆ ಫೋನ್ ಹುಡುಕ್ತಿದ್ದೆ. ಅವನೇ ಅಂದ, "ಫೋನ್ ಬಿಡು, ಮೊದ್ಲು ಪೈಪ್ ನೋಡು. ಎಲ್ಲೋ ಮಡಚ್ಕೊಂಡಿದೆ."

ಹೌದು. ನಾನು ಹೊರಳಿಸುವಾಗ ಪೈಪು ತೊಡೆ ಕೆಳಗೆ ಸಿಕ್ಕಿಬಿದ್ದಿತ್ತು. ಬಿಡಿಸಿದ ಕೂಡಲೇ ಬ್ಯಾಗಿಗೆ ಸರಸರ ಇಳೀತು, ಹತ್ತು ನಿಮಿಷಕ್ಕೆ ಮುಖದ ಬಣ್ಣ ಸರಿಹೋಯ್ತು. ಪೆಟ್ಟು ಅಷ್ಟು ಮೇಲಿದ್ದವರಿಗೆ ಮೂತ್ರಕೋಶ ತುಂಬಿದ್ದು ಮಾಮೂಲಿಯಾಗಿ ಗೊತ್ತಾಗಲ್ಲ, ಬಿಪಿ ಮಾತ್ರ ಸರ್ರಂತ ಏರುತ್ತೆ, ನೋಡದೇ ಬಿಟ್ರೆ ಮೆದುಳಲ್ಲಿ ರಕ್ತಸ್ರಾವವೂ ಆಗಬಹುದು. ನಡುಗ್ತಾ ಕೂತಿದ್ದ ನನಗೆ ಅವನೇ ಇದನ್ನೆಲ್ಲ ಸಮಾಧಾನದಲ್ಲಿ ಹೇಳಿಕೊಟ್ಟ. ಲುಡ್ವಿಗ್ ಗುಟ್‌ಮನ್ ಅನ್ನೋ ಡಾಕ್ಟರ ಕಥೆಯನ್ನೂ ಹೇಳಿದ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕರನ್ನ ಹಗಲೂ ರಾತ್ರಿ ಎರಡೆರಡು ಗಂಟೆಗೆ ಹೊರಳಿಸ್ಲೇಬೇಕು ಅಂತ ಹಟ ಹಿಡಿದವರು ಅವರು. ಅಲ್ಲಿ ಅವರು 1948ರಲ್ಲಿ ಶುರು ಮಾಡಿದ ಆಟಗಳೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯ್ತಂತೆ. "ನೋಡು, ಸ್ಪೋರ್ಟ್ಸ್ ಕೋಟಾದಲ್ಲೇ ಬದುಕಿದೀನಿ" ಅಂತ ನಕ್ಕ.

ಇಷ್ಟೆಲ್ಲ ಗೊತ್ತಿದ್ದೂ ನಾನೊಂದು ತಪ್ಪು ಮಾಡಿದೆ. ಈ ಬರಹ ಬರೀತಿರೋದೇ ಅದನ್ನ ಹೇಳೋಕೆ.

ಗಾಯ ವಾಸಿಯಾಗಿ, ವೀಲ್‌ಚೇರಲ್ಲಿ ಕೂರೋ ಹಾಗಾದಾಗ, ಊರಿನ ತಮ್ಮಂದಿರು ಅವನನ್ನ ಹಾಸನಕ್ಕೆ ಸಿನಿಮಾಗೆ ಕರ್ಕೊಂಡು ಹೋದ್ರು. ಹೊಸ ಶರ್ಟು, ಕೂಲಿಂಗ್ ಗ್ಲಾಸು, ಮಡಿಲಲ್ಲಿ ಪಾಪ್‌ಕಾರ್ನ್. ಸ್ಟೇಟಸ್ ಹಾಕಿದ್ದ. ಅರ್ಧ ಗಂಟೆಗೆ ನನಗೊಂದು ಮೆಸೇಜ್ ಬಂತು. ಎರಡೂ ಸಲ ಒಳ್ಳೇ ಮೊತ್ತ ಕೊಟ್ಟಿದ್ದ ಹಳೇ ಕ್ಲಾಸ್‌ಮೇಟು. "ನಮ್ಮ ದುಡ್ಡು ಇದಕ್ಕಾ ಗುರು?"

ಅವನಿಗೆ ನಾನು ಬೈಯಬೇಕಿತ್ತು. ಬೈಯಲಿಲ್ಲ. ಯಾಕಂದ್ರೆ ಫೋಟೋ ನೋಡಿದ ಕ್ಷಣ ನನ್ನ ಕಣ್ಣೂ ಆ ಶರ್ಟಿನ ರೇಟು ಅಂದಾಜು ಮಾಡಿತ್ತು. ಕ್ಯಾಪ್ಟನ್‌ಗೆ ಫೋನ್ ಮಾಡಿ, ಆದಷ್ಟು ಮೆತ್ತಗೆ ಹೇಳಿದೆ. "ಸ್ವಲ್ಪ ದಿನ ಇಂಥ ಸ್ಟೇಟಸ್ ಎಲ್ಲ ಬೇಡ ಮಗಾ, ಕೊಟ್ಟವರು ನೋಡ್ತಿರ್ತಾರೆ."

"ಸರಿ" ಅಂದ. ಎರಡು ನಿಮಿಷಕ್ಕೆ ಫೋಟೋ ಮಾಯ. ಅದಾದ್ಮೇಲೆ ಎರಡು ತಿಂಗಳು ಅವನು ಮನೆಯ ಹೊಸಿಲು ದಾಟಲಿಲ್ಲ ಅಂತ ಅಮ್ಮ ಹೇಳಿ ಗೊತ್ತಾಯ್ತು. "ಏನೋ ಬೇಜಾರಾಗಿದೆ ಕಣಪ್ಪ ಅವನ್ಗೆ, ನೀನಾದ್ರೂ ಬಂದು ಮಾತಾಡ್ಸು" ಅಂದ್ರು. ಯಾರಿಂದ ಬೇಜಾರು ಅಂತ ಅಮ್ಮನಿಗೆ ಹೇಳೋ ಧೈರ್ಯ ನನಗಾಗಲಿಲ್ಲ.

ಶನಿವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಸಾರಿ ಕೇಳೋಕೆ ಅರ್ಧ ದಿನ ಹಿಡೀತು. ಕ್ಯಾಪ್ಟನ್ ಕೂಗಾಡ್ಲಿಲ್ಲ. "ದುಡ್ಡು ಕೊಟ್ಟೋರೆಲ್ಲ ನಾನು ಬದುಕ್ಲಿ ಅಂತ ತಾನೆ ಕೊಟ್ಟಿದ್ದು? ಸಿನಿಮಾ ನೋಡೋದು ಬದುಕೋದ್ರಲ್ಲಿ ಬರಲ್ವೇನೋ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀನು ಹಾಕಿದ್ಯಲ್ಲ, ಆ ಐಸಿಯು ಫೋಟೋ. ಅದನ್ನ ಹಾಕ್ಬೇಕಾದ್ರೆ ನನ್ನ ಕೇಳಿದ್ಯಾ? ಪ್ರಜ್ಞೆ ಇರ್ಲಿಲ್ಲ, ಒಪ್ತೀನಿ. ಎರಡನೇ ಸಲ ಇತ್ತಲ್ವಾ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಪೈಪ್ ಹಾಕಿದ ಅವನು ಎಲ್ಲರಿಗೂ ಬೇಕಿತ್ತು, ಪಾಪ್‌ಕಾರ್ನ್ ಹಿಡಿದ ಅವನು ಯಾರಿಗೂ ಬೇಡ. ದುಡ್ಡು ಎತ್ತೋ ಹುಮ್ಮಸ್ಸಲ್ಲಿ ಅವನು ನನ್ನ ಗೆಳೆಯ ಅನ್ನೋದು ಮರೆತು, ನಾನು ಅವನ ಮ್ಯಾನೇಜರ್ ಆಗಿಬಿಟ್ಟಿದ್ದೆ.

ಅವತ್ತು ಸಂಜೆ ಅವನೇ ಮನವಿ ಬರೆದ. ಫೋನಿಗೆ ಬಾಯಲ್ಲಿ ಹೇಳಿ, ತಪ್ಪುಗಳನ್ನ ಬೆರಳಿನ ಗೆಣ್ಣಲ್ಲಿ ತಿದ್ದಿ. ಸಾವು, ಹೋರಾಟ ಯಾವುದೂ ಇರ್ಲಿಲ್ಲ. ಬರೀ ತಿಂಗಳ ಲೆಕ್ಕ. ಹೋಮ್ ನರ್ಸ್ 16,000. ಕ್ಯಾತಿಟರ್, ಯೂರೋಬ್ಯಾಗ್, ಗ್ಲೌಸ್, ಡೈಪರ್ 4,500. ಮಾತ್ರೆ 3,500. ಫಿಸಿಯೋ 4,000. ಫೋನು, ಕರೆಂಟು 1,000. ಕೊನೆಗೆ: ಸಿನಿಮಾ, ಬಿರಿಯಾನಿ ಇತ್ಯಾದಿ 1,000. ಒಟ್ಟು 30,000. ಅಪ್ಪನ ಅಂಗಡಿಯಿಂದ, ಸರ್ಕಾರದ ಮಾಸಾಶನದಿಂದ, ಅವನು ಡಿಪ್ಲೊಮಾ ಹುಡುಗರಿಗೆ ಆನ್‌ಲೈನಲ್ಲಿ ಮಾಡೋ ಪಾಠದಿಂದ ಇಷ್ಟಿಷ್ಟು ಬರುತ್ತೆ, ಮಿಕ್ಕಿದ್ದು ನೀವು. "ಒಟ್ಟಿಗೆ ದೊಡ್ಡ ಮೊತ್ತ ಬೇಡ. ತಿಂಗಳಿಗೆ 200, ಮರೀದೆ ಕೊಡೋ ಹಾಗಿದ್ರೆ ಮಾತ್ರ ಕೊಡಿ." ಫೋಟೋ ಅದೇ, ಕೂಲಿಂಗ್ ಗ್ಲಾಸಿನದು.

"ಬಿರಿಯಾನಿ ಲೈನ್ ತೆಗೀಲಾ?" ಅಂತ ಕೇಳಿದೆ. ಬುದ್ಧಿ ಬೇಗ ಬರಲ್ಲ ನೋಡಿ. "ಅದನ್ನ ನೋಡಿ ಬಿಟ್ಟು ಹೋಗೋರು ಈಗಲೇ ಹೋಗ್ಲಿ" ಅಂದ.

ಕೆಲವರು ಹೋದ್ರು, ಆ ಕ್ಲಾಸ್‌ಮೇಟೂ ಸೇರಿ. ಈಗ 63 ಜನ ಇದ್ದೀವಿ. 52 ಜನ 200, ಹತ್ತು ಜನ 500, ಒಬ್ಬಳು 1,000. ಕೂಡಿದ್ರೆ 16,400. ಹೋಮ್ ನರ್ಸ್ ಸಂಬಳ ಗ್ಯಾರಂಟಿ. ಅದೊಂದಿದ್ರೆ ಗುಂಡಿ ಬೀಳಲ್ಲ, ಅಮ್ಮ ರಾತ್ರಿ ನಿದ್ದೆ ಮಾಡ್ತಾರೆ. ಪೂರ್ತಿ ಬೇಕಾದಷ್ಟು ಇನ್ನೂ ಆಗಿಲ್ಲ. ಕೆಲವು ತಿಂಗಳು ಫಿಸಿಯೋ ಅರ್ಧಕ್ಕೆ ನಿಲ್ಲುತ್ತೆ.

ಇಂಥದ್ದು ಶುರು ಮಾಡೋರಿಗೆ ಒಂದು ವಿಷಯ. ಸಂಬಂಧಿಕರಲ್ಲದವರು ಕೊಟ್ಟ ಹಣ ವರ್ಷಕ್ಕೆ ಒಟ್ಟು 50,000 ದಾಟಿದ್ರೆ, ಆದಾಯ ತೆರಿಗೆ ಲೆಕ್ಕದಲ್ಲಿ ಅಷ್ಟೂ ಪಡೆದವನ ಆದಾಯ. ಒಟ್ಟು ಆದಾಯ ತೆರಿಗೆ ಮಿತಿಯೊಳಗಿದ್ರೆ ಕಟ್ಟೋದೇನೂ ಇರಲ್ಲ, ಆದ್ರೆ ಲೆಕ್ಕ ಸರಿ ಇರ್ಬೇಕು. ಸಿಎ ಗೆಳತಿ ಇದನ್ನ ವಿವರಿಸುವಾಗ ನಾನು ಸಂಬಂಧಿಕರ ಪಟ್ಟಿ ಓದಿದೆ. ಅಣ್ಣ, ತಂಗಿ, ಚಿಕ್ಕಪ್ಪ, ಸೋದರಮಾವ ಎಲ್ಲ ಇದಾರೆ. ಗೆಳೆಯ ಇಲ್ಲ.

ಲೆಕ್ಕವನ್ನ ಈಗ ಕ್ಯಾಪ್ಟನ್ನೇ ನೋಡ್ಕೊಳ್ತಾನೆ. ಶೀಟು ಅವನದು, ತಿಂಗಳ ಕೊನೆಗೆ ಗ್ರೂಪಿಗೆ ಹಾಕೋದೂ ಅವನೇ. ನನ್ನ ಅಡ್ಮಿನ್‌ಗಿರಿ ಹೋಯ್ತು. ಹೋದ ತಿಂಗಳು ರಿಲೀಸು, ಡೆಡ್‌ಲೈನು ಅಂತ ತಲೆಬಿಸಿಯಲ್ಲಿ ನಾನು ದುಡ್ಡು ಹಾಕೋದು ಮರ್ತಿದ್ದೆ. ಎಂಟನೇ ತಾರೀಖು ರಾತ್ರಿ ಅವನ ವಾಯ್ಸ್ ಮೆಸೇಜು, ಎಲ್ಲರಿಗೂ ಕೇಳೋ ಹಾಗೆ ಗ್ರೂಪಲ್ಲೇ.

"ಲೇ, ನಿಂದು ಇನ್ನೂರು ಬಂದಿಲ್ಲ ಕಣೋ. ಈ ಶುಕ್ರವಾರ ಸಿನಿಮಾ ಇದೆ ನಂಗೆ."