ಎಂಬತ್ತೆಂಟು ಹಡಗುಗಳ ಬಾಯಾರಿಕೆ

1665ರ ಫೆಬ್ರವರಿ. ಮಾಲ್ವಣದ ಕಡಲಲ್ಲಿ 85 ಯುದ್ಧನೌಕೆಗಳು, ಮೂರು ದೊಡ್ಡ ಹಡಗುಗಳು ಹಾಯಿ ಬಿಚ್ಚಿವೆ. ಮೂತಿ ದಕ್ಷಿಣಕ್ಕೆ. ಹಡಗಿನಲ್ಲಿ ಖುದ್ದು ಶಿವಾಜಿ! ಗುರಿ ಸುಮಾರು 300 ಕಿಲೋಮೀಟರ್ ದೂರದ ಬಸ್ರೂರು. ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದು, ಗೋವೆಯ ಹೊಟ್ಟೆಗೆ ಅಕ್ಕಿ ಒಯ್ಯುತ್ತಿದ್ದ ಪೇಟೆ ಅದು. ಈಗ ಕೆಳದಿ ನಾಯಕರ ಕೈಯಲ್ಲಿದೆ.

ಈ ದಾಳಿಯ ಕಥೆ ಹೇಳುವವರೆಲ್ಲ ಕತ್ತಿಯನ್ನೂ ಹೊನ್ನನ್ನೂ ಎಣಿಸುತ್ತಾರೆ. ನನಗೆ ಕಾಡುವುದು ನೀರಿನ ಲೆಕ್ಕ. ಆ ಪಡೆಯಲ್ಲಿ 4,000 ಕಾಲಾಳುಗಳಿದ್ದರೆಂದು ಇಟ್ಟುಕೊಳ್ಳಿ. ಬಿಸಿಲಲ್ಲಿ ಹುಟ್ಟು ಹಾಕುವ, ಹಗ್ಗ ಎಳೆಯುವ ಮನುಷ್ಯನಿಗೆ ದಿನಕ್ಕೆ ನಾಲ್ಕು ಲೀಟರಾದರೂ ಬೇಕು. ಅಂದರೆ ಪ್ರತಿ ಬೆಳಗಾದರೆ 16,000 ಲೀಟರ್! ಅದೂ ಕಣ್ಣು ಹಾಯಿಸಿದಷ್ಟೂ ನೀರೇ ನೀರು ಇರುವ ಜಾಗದಲ್ಲಿ, ಹೊತ್ತು ತಂದ ನೀರನ್ನೇ ಅಳೆದು ಕುಡಿಯಬೇಕು.

ಬಾಯಾರಿಕೆ ತಡೆಯಲಾರದೆ ಒಬ್ಬ ಕಡಲ ನೀರಿಗೇ ಬೊಗಸೆ ಒಡ್ಡಿದನೆನ್ನಿ. ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಮನುಷ್ಯನ ಮೂತ್ರಪಿಂಡ ಅಷ್ಟು ಗಾಢವಾದ ಉಪ್ಪನ್ನು ಹೊರಹಾಕಲಾರದು. ಕುಡಿದ ಒಂದು ಲೀಟರಿನ ಉಪ್ಪು ತೊಳೆಯಲು ಒಂದು ಲೀಟರಿಗಿಂತ ಹೆಚ್ಚು ನೀರು ಮೈಯಿಂದಲೇ ಹೋಗಬೇಕು. ರಕ್ತ ಉಪ್ಪಾಗುತ್ತದೆ, ಜೀವಕೋಶಗಳೊಳಗಿನ ನೀರು ಪೊರೆ ದಾಟಿ ಹೊರಬರುತ್ತದೆ, ಕೋಶಗಳು ಉಪ್ಪಿಗೆ ಹಾಕಿದ ಮಾವಿನ ಮಿಡಿಯಂತೆ ಮುರುಟುತ್ತವೆ. ಮೊದಲು ತಲೆ ಸುತ್ತು, ಆಮೇಲೆ ಭ್ರಮೆ. ಮೈತೂಕದ ನೂರಕ್ಕೆ ಹೆಚ್ಚುಕಡಿಮೆ 60 ಪಾಲು ನೀರೇ ಆಗಿರುವ ಪ್ರಾಣಿ ನೀರು ಕುಡಿದೇ ಒಣಗಿ ಸಾಯುತ್ತದೆ.

ಹೊರಟ ಜಾಗದಲ್ಲಿ ಈ ಭಯವಿರಲಿಲ್ಲ. ಮಾಲ್ವಣದೆದುರಿನ ದ್ವೀಪದಲ್ಲಿ ಹಿಂದಿನ ನವೆಂಬರಿನಲ್ಲಷ್ಟೇ ಸಿಂಧುದುರ್ಗಕ್ಕೆ ಅಡಿಗಲ್ಲು ಬಿದ್ದಿತ್ತು. ಸುತ್ತ ಉಪ್ಪುಕಡಲು, ನಡುವೆ ಸಿಹಿನೀರಿನ ಮೂರು ಬಾವಿಗಳು. ಹಾಲು, ಮೊಸರು, ಸಕ್ಕರೆ ಎಂದು ಅವಕ್ಕೆ ಹೆಸರು. ಇದರಲ್ಲಿ ಪವಾಡ ಹುಡುಕಬೇಕಿಲ್ಲ. ಒಂದು ಘನ ಮೀಟರ್ ಸಿಹಿನೀರು 1,000 ಕಿಲೋ ತೂಗಿದರೆ ಕಡಲ ನೀರು ಸುಮಾರು 1,025. ದ್ವೀಪದೊಳಗೆ ಇಂಗಿದ ಮಳೆನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಆಸೆಬಿದ್ದು ಮಿತಿಮೀರಿ ಸೇದಿದರೆ ಅಡಿಯ ಉಪ್ಪು ಮೇಲೇರುತ್ತದೆ. ನಮ್ಮ ಹೊಳೆನಡುವಿನ ಕುದ್ರುಗಳಲ್ಲಿ ಬಾವಿ ತೋಡಿದವರಿಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಹಡಗುಗಳು ಓಡುತ್ತಿವೆ. ಮಧ್ಯಾಹ್ನ ದಾಟಿದೊಡನೆ ವಾಯವ್ಯದಿಂದ ಕಡಲಗಾಳಿ ಬೀಸುತ್ತದೆ, ಹಾಯಿ ಉಬ್ಬುತ್ತದೆ. ಇದೂ ನೀರಿನದೇ ಕೆಲಸ. ನೆಲ ಬೇಗ ಕಾಯುತ್ತದೆ, ನೀರು ಎಷ್ಟು ಬಿಸಿಲು ಕುಡಿದರೂ ಬೇಗ ಕಾಯುವುದಿಲ್ಲ. ಕಾದ ನೆಲದ ಗಾಳಿ ಮೇಲೇಳುತ್ತಲೇ ಕಡಲಿನ ತಂಪು ಗಾಳಿ ಒಳನುಗ್ಗುತ್ತದೆ. ಹುಟ್ಟು ಹಾಕುವವನ ಮೈಯಲ್ಲೂ ಅದೇ ನೀರು ಕಾವಲು: ಬೆವರಿನ ಒಂದೊಂದು ಗ್ರಾಂ ಆರುವಾಗಲೂ ಸುಮಾರು 580 ಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ಇಲ್ಲದಿದ್ದರೆ ಆ ಬಿಸಿಲಲ್ಲಿ ಎಷ್ಟು ಮಂದಿ ಹುಟ್ಟಿನ ಮೇಲೇ ಕುಸಿಯುತ್ತಿದ್ದರೋ.

ಈಗ ಬಸ್ರೂರಿಗೆ ಬಾಗಿಲಾದ ಗಂಗೊಳ್ಳಿಯ ಅಳಿವೆ! ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಒಂದಾಗಿ ಕಡಲಿಗೆ ಬೀಳುವ ಪಂಚಗಂಗಾವಳಿಯ ಬಾಯಿ. ಇಲ್ಲಿ ಮರಳದಿಬ್ಬಕ್ಕೆ ತಾಗಿದರೆ ಹಡಗು ಅಲ್ಲೇ. ಉಬ್ಬರ ಬೇಕು. ಒಂದು ಉಬ್ಬರಕ್ಕೂ ಇನ್ನೊಂದಕ್ಕೂ ನಡುವೆ 12 ಗಂಟೆ 25 ನಿಮಿಷ. ತಪ್ಪಿತೋ, ಅಷ್ಟು ಹೊತ್ತು ಬಟಾಬಯಲಲ್ಲಿ ಕಾಯಬೇಕು. ಇಳಿತದಲ್ಲಿ ಹುಟ್ಟು ಹಾಕುವುದೆಂದರೆ ಐದು ಹೊಳೆಗಳಿಗೆ ಎದುರೀಜುವುದು. ಉಬ್ಬರದಲ್ಲಾದರೆ ಕಡಲೇ ಹಿಂದಿನಿಂದ ದೂಡುತ್ತದೆ.

ಆಷಾಢದಲ್ಲಿ ಯಾರಾದರೂ ಈ ಸಾಹಸಕ್ಕೆ ಇಳಿದಿದ್ದರೆ ಬಸ್ರೂರಿನ ಮಗ್ಗುಲ ವಾರಾಹಿಯೇ ಮುಗಿಸಿಬಿಡುತ್ತಿತ್ತು. ಘಟ್ಟದ ಮಳೆ ಹೊತ್ತು ಕೆಂಪಗೆ ನುಗ್ಗುವ ಹೊಳೆ ಹಡಗನ್ನು ಕಡಲಿಗೇ ಎಸೆಯುತ್ತದೆ. ಫೆಬ್ರವರಿಯಲ್ಲಿ ಹೊಳೆ ಸೊರಗಿರುತ್ತದೆ. ಭಾರದ ಉಪ್ಪುನೀರು ಸಿಹಿನೀರಿನ ಅಡಿಯಲ್ಲೇ ತಳ ಸವರಿಕೊಂಡು ಮೇಲಕ್ಕೆ ಹತ್ತುತ್ತದೆ. ಇಂದಿಗೂ ಈ ಭಾಗದ ರೈತರು ಮಳೆಗಾಲ ಮುಗಿಯುತ್ತಲೇ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ಆ ಉಪ್ಪನ್ನು ತಡೆಯಲೆಂದೇ. ಗದ್ದೆಗೆ ಒಮ್ಮೆ ಉಪ್ಪು ಹೊಕ್ಕರೆ ಭತ್ತದ ಬೇರು ನೀರಿನಲ್ಲಿ ನಿಂತೇ ನೀರು ಹೀರಲಾರದೆ ಒಣಗುತ್ತದೆ. ಕಡಲಲ್ಲಿ ಬೊಗಸೆ ಒಡ್ಡಿದವನ ಗತಿಯೇ ಬೇರಿಗೂ.

ಮತ್ತೆ ಬಸ್ರೂರು. ಊರಿಗೆ ಸುಳಿವೇ ಇಲ್ಲ. ಕಾವಲೇನಿದ್ದರೂ ನೆಲದ ಕಡೆಗೆ, ಹೊಳೆಯಿಂದ ಬರುವುದು ಅಕ್ಕಿಗೆ ಬರುವ ಹಡಗು ಎಂಬ ನಂಬಿಕೆ. ಮಂಡಿಕೇರಿಯ ಮಂಡಿಗಳು ಬಾಗಿಲು ಹಾಕುವಷ್ಟರಲ್ಲಿ ಪಡೆ ದಂಡೆ ಹತ್ತಿಯಾಗಿದೆ. ಲೂಟಿಯ ವಿವರ ಬೆಳೆಸುವುದು ಬೇಡ. ಮರಾಠಿ ಚರಿತ್ರೆಯ ಬಖರುಗಳು ಬೇಕಾದಷ್ಟು ಬೆಳೆಸಿವೆ. ಶತಮಾನಗಳಿಂದ ಊರಿಗೆ ಅನ್ನ ಹಾಕಿದ ಹೊಳೆಯೇ ಅಂದು ಶತ್ರುವನ್ನು ಅಂಗಳಕ್ಕೆ ತಂದು ಇಳಿಸಿತು.

ಬಂದದ್ದು ಸುಲಭ, ಮರಳುವುದು? ಹೇರು ತುಂಬಿದ ಹಡಗು ಆಳಕ್ಕೆ ಕೂರುತ್ತದೆ, ಅಳಿವೆಯ ಮರಳು ಇನ್ನೂ ಹತ್ತಿರವಾಗುತ್ತದೆ. ಹೊರಗೆ ಬಂದರೆ ತೆಂಕಣಕ್ಕೆ ತಳ್ಳಿದ ಅದೇ ವಾಯವ್ಯದ ಗಾಳಿ ಈಗ ಮುಖಕ್ಕೆ ಹೊಡೆಯುತ್ತದೆ. ಗೋಕರ್ಣದಲ್ಲಿ ಶಿವಾಜಿ ಕಡಲಸ್ನಾನ ಮಾಡಿ ಮಹಾಬಲೇಶ್ವರನಿಗೆ ಪೂಜೆ ಸಲ್ಲಿಸಿದ. ಅಲ್ಲಿಂದ ಹಡಗುಗಳನ್ನೆಲ್ಲ ಕಳಿಸಿಬಿಟ್ಟು ಕೇವಲ 12 ನೌಕೆ ಉಳಿಸಿಕೊಂಡು ನೆಲದ ದಾರಿ ಹಿಡಿದ. ಆ 12 ಏಕೆ? ದಾರಿಗೆ ಗಂಗಾವಳಿ, ಕಾಳಿ ಹೊಳೆಗಳು ಅಡ್ಡ ಬಿದ್ದಿದ್ದವಲ್ಲ! 4,000 ಕಾಲಾಳುಗಳನ್ನು ಹೊಳೆಯಿಂದ ಹೊಳೆಗೆ ದಾಟಿಸಬೇಕಿತ್ತು.

ಕಾಳಿಯ ಬಾಯಲ್ಲಿ ಕಾರವಾರ ನಡುಗುತ್ತಿತ್ತು. ಅಲ್ಲಿನ ಇಂಗ್ಲಿಷ್ ಕೋಠಿಯವರು ಕಂಪನಿಯ ಹಣ, ಸರಕು ಎಲ್ಲವನ್ನೂ ಹೊಳೆಯಲ್ಲಿ ನಿಂತಿದ್ದ ಮಸ್ಕತ್ ಇಮಾಮನ ಪುಟ್ಟ ಹಡಗಿಗೆ ಸಾಗಿಸಿದರು. ಊರಿನವರು ಕಪ್ಪ ಕೊಟ್ಟು ಪಡೆಯನ್ನು ಸಾಗಹಾಕಿದರು. ಅದರಲ್ಲಿ ಇಂಗ್ಲಿಷರ ಪಾಲು 112 ಪೌಂಡ್.