ಮಾನಸಗಂಗೋತ್ರಿಯ ಎರಡು ವರ್ಷ

'ಕಷ್ಟಪಟ್ಟು ಓದಿದವರು' ಎಂಬ ಮಾತನ್ನು ನನ್ನ ವಯಸ್ಸಿನವರ ಬಗ್ಗೆ ಜನ ಬಹಳ ಸುಲಭವಾಗಿ ಆಡುತ್ತಾರೆ. ಈ ಪುಟವನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಮ್ಮ ಮಕ್ಕಳನ್ನು ಮನೆಗೆ ಕರೆತಂದು, "ಮೇಷ್ಟ್ರೇ, ನೀವು ಹೇಗೆ ಓದಿದಿರಿ ಅಂತ ಇವನಿಗೆ ಸ್ವಲ್ಪ ಹೇಳಿ" ಎನ್ನುವುದುಂಟು. ಅವರು ನನ್ನಿಂದ ನಿರೀಕ್ಷಿಸುವುದು ಬುಡ್ಡಿದೀಪ, ತೇಪೆ ಹಾಕಿದ ಅಂಗಿ, ಅರೆಹೊಟ್ಟೆ ಇವುಗಳ ಕಥೆಯನ್ನು. ಅವೆಲ್ಲ ಇದ್ದವು, ಇಲ್ಲವೆನ್ನುವುದಿಲ್ಲ. ಆದರೆ ಅವುಗಳಿಂದ ನಾನು ಏನನ್ನಾದರೂ ಕಲಿತೆನೇ ಎಂಬ ಪ್ರಶ್ನೆಗೆ ನನ್ನ ಉತ್ತರ ಅವರಿಗೆ ಹಿಡಿಸುವುದಿಲ್ಲ. ಅದನ್ನು ಒಮ್ಮೆ ವಿವರವಾಗಿ ಬರೆದುಬಿಡುವುದು ಲೇಸೆಂದು ತೋರಿತು.

ನಾನು ಮೈಸೂರಿಗೆ ಕನ್ನಡ ಎಂ.ಎ. ಓದಲು ಹೋದದ್ದು 1972ರಲ್ಲಿ. ಅದು ಮಳೆ ಕೈಕೊಟ್ಟ ವರ್ಷ. ಕುಕ್ಕರಹಳ್ಳಿ ಕೆರೆಯ ಆಚೆಗೆ ಹಬ್ಬಿದ ಮಾನಸಗಂಗೋತ್ರಿಗೆ ಆಗ ಹನ್ನೆರಡು ವರ್ಷವಷ್ಟೆ. ಕುವೆಂಪು ಅವರು ಕುಲಪತಿಗಳಾಗಿದ್ದಾಗ ಕಲ್ಪಿಸಿಕೊಂಡು ಹೆಸರಿಟ್ಟ ಆ ಆವರಣದಲ್ಲಿ 1966ರಲ್ಲಿ ಆರಂಭವಾದ ಕನ್ನಡ ಅಧ್ಯಯನ ಸಂಸ್ಥೆ ನಮ್ಮ ವಿಭಾಗ. ಗಿಡಗಳಿನ್ನೂ ಎಳೆಯವು, ನೆರಳು ಕಡಿಮೆ. ಹಳ್ಳಿಯ ಶಾಲೆಯಲ್ಲಿ ನೆಲದ ಮೇಲೆ ಕೂತು ಓದಿದವನಿಗೆ ಅಲ್ಲಿನ ಗಾಳಿ ಬೆಳಕಿನ ಕೊಠಡಿಗಳೇ ಒಂದು ಬೆರಗು.

ದಿನಚರಿ ಸರಳವಾಗಿತ್ತು. ವಿದ್ಯಾರ್ಥಿನಿಲಯದಲ್ಲಿ ಒಂದು ಕೋಣೆಗೆ ಮೂವರು. ಬಿಸಿನೀರು ಮೊದಲು ಎದ್ದವರಿಗೆ ಮಾತ್ರ. ತಿಂಗಳ ಖರ್ಚನ್ನೆಲ್ಲ ಕೂಡಿಸಿ ಊಟ ಮಾಡಿದವರ ತಲೆಗೆ ಹಂಚುವ ಪದ್ಧತಿಯಿದ್ದುದರಿಂದ, ಬೆಲೆ ಏರಿದ ಆ ವರ್ಷಗಳಲ್ಲಿ ಸಾರು ತಿಳಿಯಾಗುತ್ತ ಹೋಯಿತು. ಬೆಳಿಗ್ಗೆ ತರಗತಿಗಳು, ಮಧ್ಯಾಹ್ನದ ಮೇಲೆ ಗ್ರಂಥಾಲಯ, ಸಂಜೆ ಕೆರೆಯ ಏರಿಯ ಮೇಲೆ ತಿರುಗಾಟ, ರಾತ್ರಿ ಮತ್ತೆ ಓದು. ನನಗೆ ಒಂದು ಅರ್ಹತಾ ವಿದ್ಯಾರ್ಥಿವೇತನವಿತ್ತು. ಅದು ವರ್ಷಕ್ಕೆರಡು ಸಲ, ಅದಕ್ಕೆ ಮನಸ್ಸು ಬಂದಾಗ ಬರುತ್ತಿತ್ತು. ಪ್ರತಿ ತಿಂಗಳು ತಪ್ಪದೆ ಬರುತ್ತಿದ್ದದ್ದು ಅಕ್ಕನ ಮನಿಯಾರ್ಡರು, ಇಪ್ಪತ್ತೈದು ರೂಪಾಯಿ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಗಂಡನನ್ನು ಕಳೆದುಕೊಂಡು, ಎರಡು ವರ್ಷದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು 1969ರಲ್ಲಿ ತವರಿಗೆ ಬಂದಿದ್ದಳು. ಅಪ್ಪನ ಹೊಲ ಮಳೆಯನ್ನು ನಂಬಿದ್ದು. ಅಕ್ಕ ಎರಡು ಎಮ್ಮೆ ಕಟ್ಟಿದಳು. ಹಾಲು, ಬೆಣ್ಣೆ ಮಾರಿದ ದುಡ್ಡಿನಿಂದ ಮೊದಲು ಮಗಳಿಗೆ ಇಷ್ಟು, ಮನೆಗೆ ಇಷ್ಟು, ತಮ್ಮನಿಗೆ ಇಷ್ಟು ಎಂದು ಎಣಿಸಿಡುತ್ತಿದ್ದಳು. ಅವಳು ಓದಿದ್ದು ನಾಲ್ಕನೆಯ ತರಗತಿ. ಮನಿಯಾರ್ಡರು ಫಾರಮ್ಮಿನ ಕೆಳಗೆ ಸಂದೇಶಕ್ಕೆಂದು ಬಿಟ್ಟಿರುವ ಅಂಗೈಯಷ್ಟು ಜಾಗದಲ್ಲಿ ತಾನೇ ಎರಡು ಸಾಲು ಬರೆಯುತ್ತಿದ್ದಳು. "ಎಮ್ಮೆ ಈದದೆ. ಹೆಣ್ಣುಕರ. ಚಿಂತೆ ಮಾಡಬ್ಯಾಡ." ಅದೇ ದಿನಗಳಲ್ಲಿ ತರಗತಿಯಲ್ಲಿ ಹಳಗನ್ನಡದ ಧಾತುಗಳ ಪಾಠ ನಡೆಯುತ್ತಿತ್ತು. 'ಈನ್' ಎಂಬ ಧಾತುವಿಗೆ ಮರಿಹಾಕು ಎಂದರ್ಥವೆಂದು ಪೇಟೆಯ ಹುಡುಗರು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಗ, ನನ್ನ ಜೇಬಿನಲ್ಲಿದ್ದ ಆ ಚೀಟಿಯಲ್ಲಿ ಅದೇ ಧಾತು ಮುಂದಿನ ತಿಂಗಳ ಊಟದ ಭರವಸೆಯಾಗಿ ಕೂತಿತ್ತು.

ಇನ್ನು ಓದಿನ ವಿಷಯ. ನಾನು ಗ್ರಂಥಸಂಪಾದನೆಯನ್ನು ವಿಶೇಷವಾಗಿ ಆರಿಸಿಕೊಂಡಿದ್ದೆ. ಆ ಶಾಸ್ತ್ರವನ್ನು ಕನ್ನಡದಲ್ಲಿ ನೆಲೆಗೊಳಿಸಿದ ಡಿ.ಎಲ್. ನರಸಿಂಹಾಚಾರ್ಯರು ನಾನು ಸೇರುವ ಹಿಂದಿನ ವರ್ಷ, 1971ರಲ್ಲಿ, ತೀರಿಕೊಂಡಿದ್ದರು. ಅವರ 'ಕನ್ನಡ ಗ್ರಂಥಸಂಪಾದನೆ' 1964ರಲ್ಲಿ ಪ್ರಕಟವಾಗಿತ್ತು. ನಮಗೆ ಸಿಗುವಂತಿದ್ದ ಒಂದೇ ಪ್ರತಿಗೆ ತರಗತಿಯವರೆಲ್ಲ ಕಾಯುತ್ತಿದ್ದೆವು. ನಾನು ಅದರ ಬಹುಭಾಗವನ್ನು ಕೈಯಲ್ಲಿ ನಕಲು ಮಾಡಿಕೊಂಡೆ. ಮೂರು ವಾರ ಹಿಡಿಯಿತು. ಕೈಯಲ್ಲಿ ಬರೆದರೆ ಮನಸ್ಸಿನಲ್ಲಿ ಉಳಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಒಂದು ಅಧ್ಯಾಯಕ್ಕೆ ಆ ಮಾತು ನಿಜವಿರಬಹುದು. ಐದನೆಯ ಅಧ್ಯಾಯಕ್ಕೆ ಬರುವ ಹೊತ್ತಿಗೆ ಕೈ ಬರೆಯುತ್ತಿರುತ್ತದೆ, ಮನಸ್ಸು ಮಲಗಿರುತ್ತದೆ. ಆ ಮೂರು ವಾರದಲ್ಲಿ ಬೇರೆ ನಾಲ್ಕು ಪುಸ್ತಕಗಳನ್ನು ಓದಬಹುದಿತ್ತು. ನಿಘಂಟಿನ ಮಾತೂ ಅಷ್ಟೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ 1970ರಲ್ಲಿ ಬಂದಿತ್ತು. ಎಂಟನೆಯದು ಬಂದು ಕೆಲಸ ಮುಗಿದದ್ದು 1995ರಲ್ಲಿ, ಆ ವೇಳೆಗೆ ನನ್ನ ಮೊದಮೊದಲ ವಿದ್ಯಾರ್ಥಿಗಳಿಗೇ ಮಕ್ಕಳಾಗಿದ್ದವು. ಉಳಿದಂತೆ ನಮಗೆ ಗತಿ ಎಂದರೆ 1894ರ ಕಿಟ್ಟೆಲ್ ಕೋಶವೇ.

ಹಾಗಾದರೆ ಕಲಿತದ್ದು ಎಲ್ಲಿ? ಓಲೆಗರಿಯ ಮುಂದೆ ಎಂದು ಧೈರ್ಯವಾಗಿ ಹೇಳಬಲ್ಲೆ.

ನಮ್ಮ ಅಧ್ಯಾಪಕರು ವಾರಕ್ಕೊಮ್ಮೆ ಒಂದು ಗರಿಯನ್ನು ನಮ್ಮ ಮುಂದಿಡುತ್ತಿದ್ದರು. ಅಚ್ಚಾದ ಪಾಠವನ್ನು ವಾರದ ಕೊನೆಯವರೆಗೆ ನೋಡಕೂಡದು. ಕಂಠದಿಂದ ಕೊರೆದ ಅಕ್ಷರಗಳಿಗೆ ಮಸಿ ತೊಡೆದಿದ್ದರೂ ಮೊದಲ ನೋಟಕ್ಕೆ ಕಾಣುವುದು ಇರುವೆಯ ಸಾಲು. ಪದ ಪದಗಳ ನಡುವೆ ಅಂತರವಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಹಳೆಯ ಲಿಪಿಕಾರರು ಎ, ಏ ಮತ್ತು ಒ, ಓ ಸ್ವರಗಳ ಹ್ರಸ್ವ ದೀರ್ಘಗಳನ್ನು ಬೇರೆಬೇರೆಯಾಗಿ ಬರೆಯುತ್ತಿರಲಿಲ್ಲ. 'ಕೊಡು' ಎಂದು ಬರೆದರೂ 'ಕೋಡು' ಎಂದು ಬರೆದರೂ ಗರಿಯ ಮೇಲೆ ಒಂದೇ ರೂಪ. ಕವಿ ದಾನದ ಮಾತನಾಡುತ್ತಿದ್ದಾನೋ ಕೊಂಬಿನ ಮಾತನಾಡುತ್ತಿದ್ದಾನೋ? ಆಗ ಛಂದಸ್ಸು ಕೈಹಿಡಿಯುತ್ತದೆ. ಕಂದಪದ್ಯವಾದರೆ ಮೊದಲ ಮತ್ತು ಮೂರನೆಯ ಪಾದಗಳಲ್ಲಿ ಹನ್ನೆರಡು ಮಾತ್ರೆ, ಎರಡು ಮತ್ತು ನಾಲ್ಕರಲ್ಲಿ ಇಪ್ಪತ್ತು. ಬೆರಳು ಮಡಿಸಿ ಎಣಿಸಿದರೆ ಒಂದು ಮಾತ್ರೆ ಕಡಿಮೆ ಬೀಳುವುದು ತಿಳಿಯುತ್ತದೆ. ಆಗ 'ಕೊ' ಎಂದು ಓದಿದ್ದನ್ನು 'ಕೋ' ಮಾಡಿ ನೋಡಬೇಕು. ಪಾದದ ಎರಡನೆಯ ಅಕ್ಷರವನ್ನು ಹುಳು ತಿಂದಿದ್ದರೆ ಉಳಿದ ಮೂರು ಪಾದಗಳ ಪ್ರಾಸಾಕ್ಷರ ಅದನ್ನು ಹೇಳಿಕೊಡುತ್ತದೆ. ಪ್ರಾಸವನ್ನು ಪಂಡಿತರ ಹಟವೆಂದು ತಿಳಿದಿದ್ದ ನನಗೆ, ಅದು ಕಳೆದುಹೋದ ಅಕ್ಷರಕ್ಕೆ ಜಾಮೀನು ನಿಂತಿದೆ ಎಂದು ಗೊತ್ತಾದ ದಿನ ರಾತ್ರಿ ನಿದ್ದೆ ಹತ್ತಲಿಲ್ಲ.

ಅವರು ಎಂದೂ 'ಇದು ತಪ್ಪು' ಎಂದವರಲ್ಲ. "ಏಕೆ ಹಾಗೆ ಓದಿದಿರಿ?" ಎನ್ನುತ್ತಿದ್ದರು. ಕಾರಣ ಕೊಟ್ಟರೆ ಕೇಳಿಸಿಕೊಳ್ಳುವರು. ಕಾರಣವಿಲ್ಲದೆ ಸರಿಯಾದ ಪಾಠವನ್ನು ಹೇಳಿದವನಿಗೆ ಅವರಲ್ಲಿ ಬೆಲೆಯಿರಲಿಲ್ಲ. ಒಂದು ಗರಿಯ ಆರು ಸಾಲಿಗೆ ಒಂದು ಮಧ್ಯಾಹ್ನ ಪೂರ್ತಿ ಹೋಗುತ್ತಿತ್ತು. ಓಲೆಕಟ್ಟಿನ ಕೊನೆಯಲ್ಲಿ ಲಿಪಿಕಾರ ತನ್ನ ಬೆನ್ನು, ಸೊಂಟ, ಕುತ್ತಿಗೆ ನೋಯುತ್ತಿರುವುದನ್ನು ಹೇಳಿಕೊಂಡು, ಈ ಪುಸ್ತಕವನ್ನು ಜೋಪಾನವಾಗಿ ಕಾಪಾಡಿ ಎಂದು ಬೇಡಿಕೊಳ್ಳುವ ಸಂಪ್ರದಾಯವೊಂದುಂಟು. ಅದನ್ನು ಓದಿದಾಗ ನಾವೆಲ್ಲ ನಕ್ಕಿದ್ದೆವು. ಅವರು ನಗಲಿಲ್ಲ. "ಅವನೊಬ್ಬನೇ ಈ ಕಾವ್ಯವನ್ನು ನಿಮಗಿಂತ ನಿಧಾನವಾಗಿ ಓದಿದವನು" ಎಂದರು.

ಗಮನಿಸಿ, ಇಲ್ಲಿ ಬಡತನದ ಪಾತ್ರ ಏನೂ ಇಲ್ಲ. ಬೇಕಾಗಿದ್ದದ್ದು ಒಂದು ಗರಿ, ಅದನ್ನು ಬಲ್ಲ ಒಬ್ಬ ಗುರು, ಮತ್ತು ಆರು ಸಾಲಿಗೆ ಒಂದು ಮಧ್ಯಾಹ್ನವನ್ನು ಕೊಡಬಲ್ಲಷ್ಟು ಬಿಡುವು. ಆ ಬಿಡುವನ್ನು ಯಾರೋ ಕೊಂಡುಕೊಟ್ಟಿರಬೇಕು. ನನಗೆ ಅದನ್ನು ಕೊಂಡುಕೊಟ್ಟದ್ದು ಎರಡು ಎಮ್ಮೆಗಳು.

ನನ್ನ ಕೋಣೆಯಲ್ಲಿದ್ದ ಒಬ್ಬ ಗೆಳೆಯನಿಗೆ ಅದನ್ನು ಕೊಂಡುಕೊಡುವವರಿರಲಿಲ್ಲ. ಗಣ ಪ್ರಸ್ತಾರದಲ್ಲಿ ಅವನ ಸಮಕ್ಕೆ ನಮ್ಮಲ್ಲಿ ಯಾರೂ ಇರಲಿಲ್ಲ. ಬೆರಳು ಮಡಿಸದೆ ಕಿವಿಯಲ್ಲೇ ಮಾತ್ರೆ ಹಿಡಿಯುತ್ತಿದ್ದ. ಎರಡನೆಯ ವರ್ಷದ ದಸರೆಗೆ ಊರಿಗೆ ಹೋದವನು ಮರಳಲಿಲ್ಲ. ಊಟದ ಬಾಕಿ ಕಟ್ಟಲು ಆಗಿರಲಿಲ್ಲವೆಂದು ಆಮೇಲೆ ತಿಳಿಯಿತು. ಆಲೆಮನೆಯಲ್ಲಿ ಕೆಲಸಕ್ಕೆ ಸೇರಿದನಂತೆ. ಅವನ ತಗಡಿನ ಪೆಟ್ಟಿಗೆ ಮಾರ್ಚಿಯವರೆಗೆ ನಮ್ಮ ಕೋಣೆಯಲ್ಲೇ ಇತ್ತು. ಕೊನೆಗೆ ಅವನ ಚಿಕ್ಕಪ್ಪ ಬಂದು ಒಯ್ದರು. ಕಷ್ಟ ಮನುಷ್ಯನನ್ನು ಗಟ್ಟಿಮಾಡುತ್ತದೆ ಎಂದು ಯಾರಾದರೂ ವೇದಿಕೆಯ ಮೇಲೆ ಹೇಳಿದಾಗಲೆಲ್ಲ ನನಗೆ ಆ ಪೆಟ್ಟಿಗೆ ಕಾಣಿಸುತ್ತದೆ. ಹಾಗೆ ಹೇಳುವವರು ಯಾವಾಗಲೂ ಉಳಿದುಕೊಂಡವರು. ಮರಳದವರನ್ನು ಯಾರೂ ಭಾಷಣಕ್ಕೆ ಕರೆಯುವುದಿಲ್ಲ.

ಈ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವಳು ಅಕ್ಕನೇ. 1973ರ ಬೇಸಗೆ ರಜೆಯಲ್ಲಿ ಊರಿಗೆ ಹೋದಾಗ, "ಅದೇನು ಓದ್ತೀಯೋ, ನಂಗೂ ಒಸಿ ಓದಿಹೇಳು" ಎಂದಳು. ವಡ್ಡಾರಾಧನೆಯ ಪಾಠ ನಮಗಾಗ ಮುಗಿದಿತ್ತು. ಡಿ.ಎಲ್.ಎನ್. ಅವರೇ 1949ರಲ್ಲಿ ಸಂಪಾದಿಸಿದ ಆ ಗದ್ಯಕೃತಿಯಲ್ಲಿ ಹತ್ತೊಂಬತ್ತು ಕಥೆಗಳು. ಮೊದಲನೆಯದಾದ ಸುಕುಮಾರಸ್ವಾಮಿಯ ಕಥೆಯಲ್ಲಿ ಅಗ್ನಿಭೂತಿ, ವಾಯುಭೂತಿ ಎಂಬ ಅಣ್ಣತಮ್ಮಂದಿರ ಪ್ರಸಂಗ ಬರುತ್ತದೆ. ತಂದೆ ಸತ್ತ ಮೇಲೆ, ವಿದ್ಯೆಯಿಲ್ಲದ ಇವರಿಗೆ ತಂದೆಯ ಪದವಿ ದಕ್ಕುವುದಿಲ್ಲ. ತಾಯಿ ಅವರನ್ನು ತನ್ನ ಒಡಹುಟ್ಟಿದ ಸೂರ್ಯಮಿತ್ರನ ಬಳಿಗೆ ಓದಲು ಕಳಿಸುತ್ತಾಳೆ. ಸಲಿಗೆಯಿಂದ ಹುಡುಗರು ಕೆಡುತ್ತಾರೆಂದು ಬಗೆದ ಆತ, ನನಗೆ ಅಕ್ಕತಂಗಿಯರೇ ಇಲ್ಲ, ಓದುವುದಾದರೆ ಭಿಕ್ಷೆ ಎತ್ತಿ ಉಂಡು ಓದಿ ಎನ್ನುತ್ತಾನೆ. ಅವರು ಹಾಗೆಯೇ ಮಾಡಿ ಸಕಲ ಶಾಸ್ತ್ರಗಳನ್ನೂ ಕಲಿತ ಮೇಲೆ, ನಾನು ನಿಮ್ಮ ಸೋದರಮಾವ ಎಂದು ತಿಳಿಸಿ ಸತ್ಕರಿಸುತ್ತಾನೆ. ಅಣ್ಣನು ಮಾವ ಮಾಡಿದ್ದು ಒಳ್ಳೆಯದೇ ಎಂದುಕೊಳ್ಳುತ್ತಾನೆ. ತಮ್ಮನು ತಿರಿದು ಉಣ್ಣಿಸಿದನಲ್ಲ ಎಂಬ ಮುನಿಸನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾನೆ. ಆ ಮುನಿಸೇ ಮುಂದೆ ಅವನನ್ನು ಜನ್ಮಜನ್ಮಾಂತರಗಳಿಗೆ ತಳ್ಳುತ್ತದೆ.

ತರಗತಿಯಲ್ಲಿ ನಾವು ಇದನ್ನು ಗುರುವಿನ ಹಿತಚಿಂತನೆಗೂ ಶಿಷ್ಯನ ಕೃತಜ್ಞತೆಗೂ ದೃಷ್ಟಾಂತವಾಗಿ ಓದಿದ್ದೆವು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಒಳ್ಳೆಯ ಅಂಕವೂ ಬಂದಿತ್ತು. ಅಕ್ಕ ಎಮ್ಮೆಗೆ ಹುಲ್ಲು ಹಾಕುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಆ ಚಿಕ್ಕೋನ್ದೇನೋ ತಪ್ಪು?" ಎಂದಳು. "ಮನೇಲಿ ಅನ್ನ ಇಟ್ಕಂಡು ತಿರ್ಕೊಂಡು ತಿನ್ನು ಅಂದೋನು ಮಾವ. ಉಣ್ಣಾಕಿಕ್ಕಿದ್ರೆ ವಿದ್ಯೆ ಹತ್ತಾಕಿಲ್ಲ ಅಂತ ಯಾರು ಹೇಳಿದ್ರು ಅವನಿಗೆ? ಇಕ್ಕಿ ನೋಡ್ಬೇಕಾಗಿತ್ತು."

ಇಕ್ಕಿ ನೋಡಬೇಕಾಗಿತ್ತು. ಆ ಕೃತಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಮಾತು ಇರಲಿಲ್ಲ. ಕಥೆಯ ಧರ್ಮಕ್ಕೆ ಅದರದೇ ಆದ ನಡೆಯಿದೆ. ವಾಯುಭೂತಿಯ ಕೋಪ ಪೂರ್ವಜನ್ಮದ ಕರ್ಮಸರಣಿಯಲ್ಲಿ ಒಂದು ಕೊಂಡಿ, ಅದನ್ನು ಅಲ್ಲಗಳೆಯಲಾಗದು. ಆದರೂ ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದಾಗ, ಹಿಂದಿನ ಬೆಂಚಿನಲ್ಲಿ ಮುಖ ಗಂಟುಹಾಕಿಕೊಂಡು ಕೂತ ಹುಡುಗನನ್ನು ಕಂಡರೆ ನಾನು ಮೊದಲು ಕೇಳುತ್ತಿದ್ದದ್ದು ಬೆಳಿಗ್ಗೆ ಏನು ತಿಂದು ಬಂದೆ ಎಂದು. ನಿಮ್ಮಲ್ಲಿ ಹಲವರಿಗೆ ಇದು ನೆನಪಿರಬಹುದು. ಅದನ್ನು ನಾನು ಬಿ.ಎಡ್. ತರಬೇತಿಯಲ್ಲಿ ಕಲಿತದ್ದಲ್ಲ.

1974ರಲ್ಲಿ ಫಲಿತಾಂಶ ಬಂದಾಗ ಅಧ್ಯಾಪಕರು ಸಂಶೋಧನೆಗೆ ಉಳಿಯಿರಿ ಎಂದರು. ಆಸೆಯೇನೋ ಬಹಳವಿತ್ತು. ಒಂದು ಕಾವ್ಯದ ನಾಲ್ಕು ಪ್ರತಿಗಳನ್ನು ಹೋಲಿಸುವ ಕೆಲಸವನ್ನು ಮನಸ್ಸಿನಲ್ಲಿ ಗುರುತುಹಾಕಿಯೂ ಇದ್ದೆ. ಆದರೆ ಅಪ್ಪನ ದೃಷ್ಟಿ ಮಂದವಾಗಿತ್ತು, ಅಕ್ಕನ ಮಗಳು ಶಾಲೆಗೆ ಸೇರಿದ್ದಳು. ಬಿ.ಎಡ್. ಮುಗಿಸಿ 1976ರಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ಸಂಬಳ ಕೊಟ್ಟಾಗ ಅಕ್ಕ ಇಪ್ಪತ್ತೈದು ರೂಪಾಯಿ ಎಣಿಸಿ ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದಳು. "ತಿಂಗ್ಳಿಗಿಷ್ಟೇ ಕಳ್ಸು, ಲೆಕ್ಕ ಸರಿಹೋಗ್ತದೆ" ಎಂದು ನಕ್ಕಳು. ಲೆಕ್ಕ ಸರಿಹೋಗಲು ಎಷ್ಟು ವರ್ಷ ಬೇಕೆಂದು ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಅವಳು ತೀರಿಕೊಂಡದ್ದು 1998ರಲ್ಲಿ.

ಅವಳ ಮಗಳ ಮಗಳು ಈಗ ಪಿಎಚ್.ಡಿ. ಮಾಡುತ್ತಿದ್ದಾಳೆ. ಅದೂ ಹಸ್ತಪ್ರತಿಗಳ ಮೇಲೆ. ನಾನು ಹೇಳಿದ್ದಲ್ಲ, ಅವಳೇ ಆರಿಸಿಕೊಂಡದ್ದು. ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಕಿರಿಯ ಸಂಶೋಧನಾ ಶಿಷ್ಯವೇತನ ಪಡೆದಿದ್ದಾಳೆ. 2023ರ ಜನವರಿಯಿಂದ ಅದರ ಮೊತ್ತ ತಿಂಗಳಿಗೆ 37,000 ರೂಪಾಯಿ. ನಮ್ಮ ಬಂಧುಗಳಲ್ಲೇ ಒಬ್ಬರು ಮದುವೆಮನೆಯಲ್ಲಿ ಅವಳನ್ನು ಹಿಡಿದು, ಓದುವುದಕ್ಕೂ ಸಂಬಳವೇ, ನಿಮ್ಮ ತಾತನ ಕಾಲದಲ್ಲಿ ಹೀಗಿರಲಿಲ್ಲ ಎಂದು ಬುದ್ಧಿ ಹೇಳಿದರಂತೆ. ಅವರೂ ಇದನ್ನು ಓದುತ್ತಾರೆಂದು ಬಲ್ಲೆ. ಸ್ವಾಮಿ, ತಾತನ ಕಾಲದಲ್ಲೂ ಇತ್ತು. ಅದನ್ನು ಕೊಡುತ್ತಿದ್ದವಳು ಒಬ್ಬ ವಿಧವೆ, ಮೂಲ ಒಂದು ಕೊಟ್ಟಿಗೆ. ಇಂದು ಸರ್ಕಾರ ಕೊಡುತ್ತದೆ, ಅದೇ ಸರಿ. ಕಳೆದ ವರ್ಷ ನಾಲ್ಕು ತಿಂಗಳು ಆ ಹಣ ಬಾರದೆ ಹುಡುಗಿ ಬಾಡಿಗೆಗೆ ಒದ್ದಾಡಿದಳು. ಆಗ ನಾನು ಪ್ರತಿ ತಿಂಗಳು ಒಂದನೆಯ ತಾರೀಖು ಮೊಬೈಲಿನಲ್ಲಿ ಸ್ವಲ್ಪ ಹಣ ಕಳಿಸಿದೆ. ಸಂದೇಶ ಬರೆಯಲು ಅಲ್ಲೂ ಒಂದು ಸಣ್ಣ ಜಾಗವಿರುತ್ತದೆ. ಚಿಂತೆ ಮಾಡಬೇಡ ಎಂದು ಬರೆದೆ.

ಮೊನ್ನೆ ಅವಳು ಒಂದು ಗರಿಯ ಚಿತ್ರವನ್ನು ಕಳಿಸಿದ್ದಾಳೆ. ಚಿತ್ರವನ್ನು ಹಿಗ್ಗಿಸಿ ನೋಡಬಹುದಾದ್ದರಿಂದ ನನ್ನ ಕಣ್ಣಿಗೂ ಅಕ್ಷರಗಳು ಸಿಗುತ್ತವೆ. ಮೂರನೆಯ ಸಾಲಿನ ಕೊನೆಯಲ್ಲಿ ಹುಳು ತಿಂದಿದೆ. ಅಲ್ಲಿ ಎರಡು ಅಕ್ಷರ ಹೋಗಿವೆಯೆಂದು ನಾನು, ಮೂರೆಂದು ಅವಳು. ಅವಳು ಕಾರಣ ಕೊಟ್ಟಿದ್ದಾಳೆ, ನಾನೂ ಕೊಟ್ಟಿದ್ದೇನೆ. ಇನ್ನೂ ತೀರ್ಮಾನವಾಗಿಲ್ಲ.