ಕಾಲೂರದ ಸವಾರಿ

ಸ್ಕಾಟ್ಲೆಂಡಿನ ಪಶ್ಚಿಮದ ಬೆಟ್ಟಸೀಮೆಯಲ್ಲಿ, 1345 ಮೀಟರ್ ಎತ್ತರದ ಬೆನ್ ನೆವಿಸ್ ಪರ್ವತದ ಬುಡದಲ್ಲಿ, ಫೋರ್ಟ್ ವಿಲಿಯಂ ಎಂಬ ಪಟ್ಟಣವಿದೆ. ಮೇ ತಿಂಗಳಲ್ಲಿ ‘ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್’ ಎಂಬ ಆರು ದಿನಗಳ ಮೋಟಾರ್‌ಸೈಕಲ್ ಸ್ಪರ್ಧೆಗೆ ಸವಾರರು ಇಲ್ಲಿ ನೆರೆಯುತ್ತಾರೆ.

ಇಲ್ಲಿ ವೇಗ ಗೆಲುವನ್ನು ತರದು, ಸಮತೋಲನವೇ ಸರ್ವಸ್ವ. ತೊರೆಯ ಪಾತ್ರ, ಪಾಚಿಗಟ್ಟಿದ ಬಂಡೆ, ಕಡಿದಾದ ಏರು ಇವುಗಳ ಮೇಲೆ ಗುರುತಿಸಿದ ದಾರಿಯನ್ನು ನೆಲಕ್ಕೆ ಕಾಲೂರದೆ ದಾಟಬೇಕು. ಒಮ್ಮೆ ಕಾಲೂರಿದರೆ 1 ದಂಡಾಂಕ, ಎರಡು ಸಲಕ್ಕೆ 2, ಅದಕ್ಕೂ ಮಿಕ್ಕರೆ 3. ದಾಟಲಾಗದೆ ಹೋದರೆ 5. ಕಡಿಮೆ ಅಂಕ ಪಡೆದವರೇ ವಿಜೇತರು.

ವಾಹನವೂ ಇದಕ್ಕೆ ತಕ್ಕಂತಿದೆ. ಆಸನವೆಂಬುದು ಇಲ್ಲವೆನ್ನುವಷ್ಟು ಅಲ್ಪ. ಸವಾರರು ನಿಂತೇ ಸಾಗುತ್ತಾರೆ. ಟೈರಿನಲ್ಲಿ ಗಾಳಿ ಬಹಳ ಕಡಿಮೆಯಿರುವುದರಿಂದ ರಬ್ಬರು ಕಲ್ಲನ್ನು ಅಪ್ಪಿ ಹಿಡಿಯುತ್ತದೆ. ಎಂಜಿನ್ನಿನ ಅಡಿಯ ಲೋಹದ ತಟ್ಟೆ ಬಂಡೆಯ ಪೆಟ್ಟನ್ನು ತಾಳುತ್ತದೆ. ಹಿಂದೆ ಭಾರವಾದ ಬ್ರಿಟಿಷ್ ಬೈಕುಗಳೇ ಇಲ್ಲಿ ಮೆರೆದಿದ್ದವು. 1965ರಲ್ಲಿ ಸ್ಯಾಮಿ ಮಿಲ್ಲರ್ ಅವರು ಸ್ಪೇನಿನ ಹಗುರ ಬುಲ್ಟಾಕೊ ಏರಿ ಗೆದ್ದಂದಿನಿಂದ ಆ ಯುಗ ಹಿಂದೆ ಸರಿಯಿತು.

ದಾರಿಗಿಳಿಯುವ ಮೊದಲು ಸವಾರರು ನಡೆದು ನೋಡಿ, ಯಾವ ಕಲ್ಲು ಅಲುಗುವುದೆಂದು ಒಬ್ಬರಿಗೊಬ್ಬರು ತಿಳಿಸುವುದುಂಟು. 1975ರ ಮೊದಲ ವಿಶ್ವವಿಜೇತ ಮಾರ್ಟಿನ್ ಲ್ಯಾಂಪ್ಕಿನ್ ಮತ್ತು ಅವರ ಮಗ ಡೌಗಿ, ಇಬ್ಬರೂ ಇಲ್ಲಿ ಗೆದ್ದವರು. ಅಂಥವರಿಗೂ, ರಜೆ ಹಾಕಿ ಬಂದ ಹವ್ಯಾಸಿಗೂ ಬಂಡೆ ಒಂದೇ, ನಿಯಮ ಒಂದೇ. ಮಳೆಯಲ್ಲಿ ನಿಂತು ಲೆಕ್ಕವಿಡುವವರು ಸ್ವಯಂಸೇವಕರು. ಅವರ ಕಣ್ಣಿನ ಮೇಲೆ ಸವಾರರಿಗಿರುವ ನಂಬಿಕೆ ತಪ್ಪಿದರೆ ಈ ಆಟವೇ ಉಳಿಯದು.